ಸ್ಪ್ರೇ, ಜೆಲ್, ಬೋರಿಕ್ ಪುಡಿ: ಜಿರಳೆಗೆ ಯಾವುದು ಮೇಲು?

ಅಡುಗೆಮನೆಯ ಜಿರಳೆಗಳ ಮೇಲೆ ಸ್ಪ್ರೇ, ವಿಷ ಬೆರೆಸಿದ ಆಮಿಷದ ಜೆಲ್ ಮತ್ತು ಬೋರಿಕ್ ಆಸಿಡ್ ಪುಡಿ ಈ ಮೂರನ್ನೂ ಒಂದಾದ ಮೇಲೊಂದರಂತೆ ಬಳಸಿ ನೋಡಿದ್ದೇನೆ. ಫಲವನ್ನು ಅಳೆಯಲು ಸಿಂಕಿನ ಕೆಳಗೂ ಫ್ರಿಜ್ಜಿನ ಹಿಂದೆಯೂ ಅಂಟುಬಲೆಗಳನ್ನು ಇಟ್ಟಿದ್ದೆ. ಅವುಗಳಿಗೆ ಸಿಕ್ಕವು ಬಹುಮಟ್ಟಿಗೆ ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳುಳ್ಳ ಸಣ್ಣ ಜರ್ಮನ್ ಜಿರಳೆಗಳು. ಮೋರಿಯಿಂದ ಬರುವ ದೊಡ್ಡ ಕೆಂಗಂದು ಜಿರಳೆಯ ಸಂಗತಿ ಬೇರೆ, ಅದಕ್ಕೆ ಮೊದಲು ಮೋರಿಯ ಜಾಲರಿಯನ್ನು ಸರಿಪಡಿಸಬೇಕು.

ಸ್ಪ್ರೇ ಹೊಡೆದೊಡನೆ ಜಿರಳೆ ಕಣ್ಣೆದುರೇ ಅಂಗಾತ ಬೀಳುತ್ತದೆ. ಅದರ ಜನಪ್ರಿಯತೆಗೆ ಇದೇ ಕಾರಣವೆಂದು ತೋರುತ್ತದೆ. ಆದರೆ ಹೆಣ್ಣು ಜರ್ಮನ್ ಜಿರಳೆ ಸುಮಾರು 30ರಿಂದ 40 ಮೊಟ್ಟೆಗಳಿರುವ ಕೋಶವನ್ನು ಮರಿಯೊಡೆಯುವವರೆಗೂ ದೇಹಕ್ಕೆ ಅಂಟಿಸಿಕೊಂಡು, ಸಂದುಗಳಲ್ಲೇ ಅಡಗಿರುತ್ತದೆ. ಮೇಲ್ಮೈಗೆ ಸಿಂಪಡಿಸಿದ ಔಷಧ ಅದನ್ನು ಮುಟ್ಟುವುದು ಅಪರೂಪ. ಜೊತೆಗೆ, ಇಂತಹ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಎಂಬ ಬಗೆಯ ಕೀಟನಾಶಕಗಳಿಗೆ ಅನೇಕ ಕಡೆ ಈ ಜಾತಿ ಒಗ್ಗಿಹೋಗಿದೆ. ನನ್ನ ಬಲೆಗಳ ಲೆಕ್ಕ ಸ್ವಲ್ಪ ಇಳಿದು ಮತ್ತೆ ಏರಿತು.

ಜೆಲ್ಲಿನ ಕೆಲಸ ನಿಧಾನ, ಆದರೆ ಆಳವಾದುದು. ಕಪಾಟಿನ ಕೀಲುಗಳ ಬಳಿ ಮೆಣಸಿನ ಪುಡಿ ಉದುರಿದಂತೆ ಕಾಣುವ ಹಿಕ್ಕೆಗಳ ಪಕ್ಕದಲ್ಲೇ ಸಣ್ಣ ಸಣ್ಣ ಚುಕ್ಕೆಗಳನ್ನಿಟ್ಟೆ. ತಿಂದ ಜಿರಳೆ ಅಡಗುದಾಣಕ್ಕೆ ಮರಳಿ ಸಾಯುತ್ತದೆ; ಅದರ ಹಿಕ್ಕೆಯನ್ನೂ ಹೆಣವನ್ನೂ ತಿನ್ನುವ ಮರಿಗಳಿಗೂ ವಿಷ ತಲುಪುತ್ತದೆ. ಬಲೆಗಳು ಖಾಲಿಯಾಗತೊಡಗಿದ್ದು ಇದರಿಂದಲೇ. ಸ್ಪ್ರೇ ತಗಲಿದ ಜಾಗದಲ್ಲಿ ಮಾತ್ರ ಜೆಲ್ ಇಡಬಾರದು, ಏಕೆಂದರೆ ಆ ವಾಸನೆಗೆ ಜಿರಳೆಗಳು ಹತ್ತಿರ ಸುಳಿಯುವುದಿಲ್ಲ. ಜೆಲ್ಲಿಗೂ ಮಿತಿಯಿದೆ: ಆಮಿಷದಲ್ಲಿ ಸಿಹಿಗಾಗಿ ಬಳಸುವ ಗ್ಲೂಕೋಸನ್ನೇ ಒಲ್ಲದ ಜಿರಳೆಗಳ ವಂಶಗಳನ್ನು ವಿಜ್ಞಾನಿಗಳು 1993ರಲ್ಲೇ ವರದಿ ಮಾಡಿದ್ದಾರೆ. ಆದ್ದರಿಂದ ಪರಿಣಾಮ ಕುಗ್ಗಿದಾಗ ಬೇರೆ ಬಗೆಯ ಜೆಲ್ಲಿಗೆ ಬದಲಾಯಿಸುವುದು ಒಳ್ಳೆಯದು.

ಬೋರಿಕ್ ಪುಡಿಯನ್ನು ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಎರಚಬೇಕು. ರಾಶಿ ಹಾಕಿದರೆ ಜಿರಳೆ ಅದನ್ನು ತಪ್ಪಿಸಿ ಸುತ್ತಿಹೋಗುತ್ತದೆ, ತೇವವಾದರೆ ಪುಡಿ ನಿಷ್ಪ್ರಯೋಜಕವಾಗುತ್ತದೆ. ಮಕ್ಕಳ, ಸಾಕುಪ್ರಾಣಿಗಳ ಕೈಬಾಯಿಗೆ ಸಿಗದ, ಒಣಗಿದ, ಕಪಾಟಿನ ಹಿಂಬದಿಯಂತಹ ಜಾಗಗಳಿಗೆ ಮಾತ್ರ ಇದನ್ನು ಉಳಿಸಿಕೊಂಡಿದ್ದೇನೆ.

ಬಹುಮಹಡಿ ಕಟ್ಟಡದಲ್ಲಿ ಒಂದೇ ಮನೆಯವರು ಎಷ್ಟು ಜೆಲ್ ಹಚ್ಚಿದರೂ ಪೈಪುಗಳ ಸುತ್ತಲಿನ ಸಂದುಗಳ ಮೂಲಕ ಪಕ್ಕದವರ ಜಿರಳೆಗಳು ಬರುತ್ತಲೇ ಇರುತ್ತವೆ. ಸಂದುಗಳಿಗೆ ಸೀಲಂಟ್ ತುಂಬಿ, ಸೋರುವ ನಲ್ಲಿಯನ್ನು ದುರಸ್ತಿ ಮಾಡಿಸುವುದು ಮೊದಲ ಕೆಲಸ. ಬಳಿಕ ಎಲ್ಲ ಮನೆಗಳಲ್ಲೂ ಒಂದೇ ರಾತ್ರಿ ಅಂಟುಬಲೆ ಇಟ್ಟು, ಹೆಚ್ಚು ಸಿಕ್ಕಿಬಿದ್ದ ಮನೆಯಿಂದಲೇ ಜೆಲ್ ಆರಂಭಿಸುವುದು ಸರಿಯಾದ ಕ್ರಮ.