ಕಣಜ ಗೂಬೆಗೆ ದೊರೆತ ಆರೈಕೆ: ವನ್ಯಜೀವಿ ಪುನರ್ವಸತಿ ಕೇಂದ್ರವೊಂದರ ಸೇವೆಯ ವಿಮರ್ಶೆ

ವಾಹನ ಬಡಿದು ರಸ್ತೆಬದಿಯಲ್ಲಿ ಬಿದ್ದಿದ್ದ ಕಣಜ ಗೂಬೆಯೊಂದನ್ನು ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಚಿಕಿತ್ಸೆಯಲ್ಲಿ ಕೊರತೆ ಕಾಣಲಿಲ್ಲ. ಹಕ್ಕಿಯನ್ನು ತಂದವರೊಡನೆ ವ್ಯವಹರಿಸುವ ರೀತಿ ಮಾತ್ರ ಸುಧಾರಿಸಬೇಕಿದೆ.

ಕರೆ ಸ್ವೀಕರಿಸಿದವರು ಮೊದಲು ತಿಳಿಸಿದ್ದು ಏನು ಮಾಡಬಾರದು ಎಂಬುದನ್ನು. ಪೆಟ್ಟು ತಿಂದ ಹಕ್ಕಿಯ ಬಾಯಿಗೆ ಹನಿಸಿದ ನೀರು ಶ್ವಾಸನಾಳಕ್ಕೆ ಇಳಿಯುವ ಅಪಾಯವಿರುವುದರಿಂದ ಏನನ್ನೂ ಕುಡಿಸದೆ, ತಿನ್ನಿಸದೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯೊಳಗೆ ಕತ್ತಲಲ್ಲಿಟ್ಟು ತರಬೇಕೆಂದರು. ಸಾಂತ್ವನವೆಂದು ನಾವು ಸವರುವ ಕೈ ಕಾಡುಜೀವಿಗೆ ಬೇಟೆಗಾರನ ಹಿಡಿತವೇ ಸರಿ.

ಎಕ್ಸ್‌ರೇಯಲ್ಲಿ ಮುಂದೋಳಿನ ಎರಡು ಮೂಳೆಗಳ ಪೈಕಿ ಒಂದು ಮಾತ್ರ ಮುರಿದಿತ್ತು. ಇನ್ನೊಂದು ಗಟ್ಟಿಯಾಗಿದ್ದು ತಾನೇ ಆಸರೆಯಾಗುವುದರಿಂದ ಶಸ್ತ್ರಚಿಕಿತ್ಸೆಗೆ ಹೋಗದೆ ರೆಕ್ಕೆಯನ್ನು ಮಡಚಿ ಪಟ್ಟಿ ಕಟ್ಟಿದರು. ಪಟ್ಟಿ ಹೆಚ್ಚು ಕಾಲ ಉಳಿದರೆ ಕೀಲು ಬಿಗಿದು, ಮೂಳೆ ಕೂಡಿದರೂ ಹಾರಾಟ ಕೈತಪ್ಪಬಹುದಾದ ಕಾರಣ, ನಡುನಡುವೆ ಪಟ್ಟಿ ಬಿಚ್ಚಿ, ಅರಿವಳಿಕೆ ಕೊಟ್ಟು, ರೆಕ್ಕೆಯನ್ನು ನಿಧಾನವಾಗಿ ಚಾಚಿ ಮಡಚುವ ವ್ಯಾಯಾಮ ಮಾಡಿಸುತ್ತಿದ್ದರು.

ಕೇಂದ್ರದ ನಿಜವಾದ ಪರಿಣತಿ ಕಂಡದ್ದು ಹಾರಾಟದ ಪಂಜರದಲ್ಲಿ. ಗೂಬೆ ಒಂದು ತುದಿಯಿಂದ ಇನ್ನೊಂದಕ್ಕೆ ಹಾರಿದ ಮಾತ್ರಕ್ಕೆ ಅವರು ಒಪ್ಪುವುದಿಲ್ಲ. ಸದ್ದಿಲ್ಲದೆ ಹಾರಿತೇ ಎಂದು ಕಿವಿಗೊಟ್ಟು ಕೇಳುತ್ತಾರೆ. ರೆಕ್ಕೆಯ ಮುಂಚೂಣಿಯ ಗರಿಗಳಲ್ಲಿ ಬಾಚಣಿಗೆಯ ಹಲ್ಲುಗಳಂತಿರುವ ಅಂಚು ಹಾಳಾಗಿದ್ದರೆ ಹಾರಾಟದ ಸದ್ದು ಇಲಿಗೂ ಕೇಳುತ್ತದೆ, ಗೂಬೆಯ ಕಿವಿಗೂ ಅಡ್ಡಿಯಾಗುತ್ತದೆ. ಕತ್ತಲಲ್ಲಿ ಬಹುಮಟ್ಟಿಗೆ ಶಬ್ದವನ್ನೇ ನಂಬಿ ಬೇಟೆಯಾಡುವ ಹಕ್ಕಿಗೆ ಅದು ಉಪವಾಸಕ್ಕೆ ದಾರಿ. ನಾನು ಇದನ್ನೆಲ್ಲ ನೋಡಿದ್ದು ಕ್ಯಾಮೆರಾದ ಮೂಲಕ ಮಾತ್ರ, ಏಕೆಂದರೆ ಪಂಜರದ ಬಳಿ ಸಂದರ್ಶಕರಿಗೆ ಪ್ರವೇಶವಿಲ್ಲ. ಕೆಲವರಿಗೆ ಇದು ಒರಟುತನವೆನಿಸಬಹುದು; ಮನುಷ್ಯರಿಗೆ ಹೊಂದಿಕೊಂಡ ಹಕ್ಕಿ ಕಾಡಿಗೆ ಸಲ್ಲದು ಎಂಬುದನ್ನು ಬಲ್ಲವರಿಗೆ ಇದೇ ಸರಿಯಾದ ನಿಯಮ.

ಆಕ್ಷೇಪಣೆ ಎರಡಿವೆ. ಹಕ್ಕಿಯ ಸ್ಥಿತಿಯ ಬಗ್ಗೆ ತಾವಾಗಿ ಒಂದು ಸಂದೇಶವನ್ನೂ ಕಳುಹಿಸಲಿಲ್ಲ, ಪ್ರತಿಸಲ ನಾನೇ ವಿಚಾರಿಸಬೇಕಾಯಿತು. ಎರಡನೆಯದು ಹೆಚ್ಚು ಗಂಭೀರ: ಪರಿಚಿತ ನೆಲೆಯ ಸಮೀಪದಲ್ಲೇ ಬಿಡುಗಡೆ ಮಾಡಬೇಕಾದ್ದರಿಂದ ಗೂಬೆ ಸಿಕ್ಕ ಜಾಗದ ನಿಖರ ವಿವರವನ್ನು ಅರ್ಜಿಯಲ್ಲಿ ಕೇಳುತ್ತಾರೆ, ಆದರೆ ಅದನ್ನು ಗುರುತು ಮಾಡಿಕೊಂಡು ಬರುವಂತೆ ದೂರವಾಣಿಯಲ್ಲಿ ಹೇಳುವುದಿಲ್ಲ. ಇಲ್ಲಿಗೆ ಪ್ರಾಣಿಗಳನ್ನು ತರುವವರು ಸ್ಥಳದಿಂದ ಹೊರಡುವ ಮೊದಲೇ ಅದನ್ನು ಫೋನಿನ ನಕ್ಷೆಯಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು.