ಪ್ಯಾಡಿಂಗ್ಟನ್‌ನಲ್ಲಿ ಗೇಟು ತೆರೆಯಿತೆಂದು ಆಯ್‌ಸ್ಟರ್ ನಂಬಿ ರೆಡಿಂಗ್‌ಗೆ ಹೊರಡಬೇಡಿ

ಲಂಡನ್‌ಗೆ ಬಂದವರು ಪದೇ ಪದೇ ಸಿಕ್ಕಿಬೀಳುವುದು ಇಲ್ಲೇ. ಮೊದಲೇ ದುಡ್ಡು ತುಂಬಿ ಲಂಡನ್ನಿನ ರೈಲು, ಬಸ್ಸುಗಳಲ್ಲಿ ಬಳಸುವ ಆಯ್‌ಸ್ಟರ್ ಕಾರ್ಡಿನಲ್ಲಿ ಬೇಕಾದಷ್ಟು ದುಡ್ಡಿದೆ, ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ಟ್ಯಾಪ್ ಮಾಡಿದ ಕೂಡಲೇ ಗೇಟು ತೆರೆಯಿತು, ಪಶ್ಚಿಮಕ್ಕೆ ರೆಡಿಂಗ್ ಊರಿನವರೆಗೆ ಹೋಗುವ ಎಲಿಜಬೆತ್ ಲೈನ್ ರೈಲೂ ಸಿಕ್ಕಿತು. ರೆಡಿಂಗ್‌ನಲ್ಲಿ ಇಳಿದು ಅದೇ ಕಾರ್ಡ್ ಇಟ್ಟರೆ ಕೆಂಪು ದೀಪ, ಗೇಟು ಅಲುಗಾಡುವುದಿಲ್ಲ. ನಿಯಮದ ಪ್ರಕಾರ ನಿಮ್ಮ ಹತ್ತಿರ ಟಿಕೆಟ್ಟೇ ಇಲ್ಲ. ದಂಡ 100 ಪೌಂಡ್. 21 ದಿನದೊಳಗೆ ಕಟ್ಟಿದರೆ ಅರ್ಧ. ಸಾಲದ್ದಕ್ಕೆ, ಪ್ಯಾಡಿಂಗ್ಟನ್‌ನಲ್ಲಿ ಶುರುವಾದ ಪ್ರಯಾಣ ಎಲ್ಲೂ ಮುಗಿಯದ ಕಾರಣ ಆಯ್‌ಸ್ಟರ್‌ನಿಂದಲೂ ಗರಿಷ್ಠ ದರ ಮುರಿದುಕೊಳ್ಳುತ್ತಾರೆ.

ಗೇಟು ತೆರೆದದ್ದು ತಪ್ಪಲ್ಲ. ನೀವು ಎಲ್ಲಿಗೆ ಹೊರಟಿದ್ದೀರಿ ಎಂದು ಅದು ಕೇಳುವುದೇ ಇಲ್ಲ. ಆ ಮಾರ್ಗದಲ್ಲಿ ಆಯ್‌ಸ್ಟರ್ ಲಂಡನ್ ಅಂಚಿನ ವೆಸ್ಟ್ ಡ್ರೇಟನ್‌ವರೆಗೆ ನಡೆಯುತ್ತದೆ, ಹೀಥ್ರೂಗೂ ನಡೆಯುತ್ತದೆ. ಅಲ್ಲಿಂದಾಚೆ ಐವರ್, ಲ್ಯಾಂಗ್ಲಿ, ಸ್ಲೌ, ಮೇಡನ್‌ಹೆಡ್, ಟ್ವೈಫರ್ಡ್, ರೆಡಿಂಗ್‌ಗಳಲ್ಲಿ ಕಾಂಟ್ಯಾಕ್ಟ್‌ಲೆಸ್ (ಟ್ಯಾಪ್ ಮಾಡಿ ಹಣ ಕಟ್ಟುವ) ಬ್ಯಾಂಕ್ ಕಾರ್ಡ್ ಅಥವಾ ಫೋನ್ ನಡೆಯುತ್ತದೆ, ಆಯ್‌ಸ್ಟರ್ ನಡೆಯುವುದಿಲ್ಲ.

ಕಾರಣ ಎರಡರ ಒಳಗಿನ ವ್ಯವಸ್ಥೆಯಲ್ಲಿದೆ. 2003ರಲ್ಲಿ ಬಂದ ಆಯ್‌ಸ್ಟರ್ ಹಣವನ್ನೂ ಹತ್ತಿದ ಜಾಗವನ್ನೂ ಕಾರ್ಡಿನಲ್ಲೇ ಬರೆದಿಡುತ್ತದೆ. ಇಳಿಯುವಾಗ ಗೇಟೇ ದರ ಲೆಕ್ಕ ಹಾಕಬೇಕು. ಹೊಸ ನಿಲ್ದಾಣ ಸೇರಿಸಿದರೆ ಅದರ ದರ ಗೇಟಿನಲ್ಲಿ ಕಾರ್ಡ್ ಓದುವ ಯಂತ್ರಗಳಿಗೂ (ರೀಡರ್) ಗೊತ್ತಿರಬೇಕು. ಬ್ಯಾಂಕ್ ಕಾರ್ಡಿನಲ್ಲಿ ಏನನ್ನೂ ಬರೆಯುವುದಿಲ್ಲ. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಎಂಬುದನ್ನು ಕಚೇರಿಯ ಕಂಪ್ಯೂಟರ್ ಜೋಡಿಸಿ, ದಿನದ ಕೊನೆಗೆ ಒಟ್ಟು ಮಾಡುತ್ತದೆ. ಲಂಡನ್ ಗಡಿಯಾಚೆಗೆ ಕಾಂಟ್ಯಾಕ್ಟ್‌ಲೆಸ್ ಸುಲಭವಾಗಿ ಹಬ್ಬುವುದು ಹೀಗೆ.

ದೂರ ನೋಡಿ ಅಂದಾಜು ಮಾಡುವುದೂ ಅಪಾಯ. ಗ್ಯಾಟ್ವಿಕ್ ವಿಮಾನ ನಿಲ್ದಾಣ ಸ್ಲೌಗಿಂತ ದೂರ, ಆದರೂ ಅಲ್ಲಿ ಆಯ್‌ಸ್ಟರ್ ನಡೆಯುತ್ತದೆ. ಲೂಟನ್ ಏರ್‌ಪೋರ್ಟ್ ಪಾರ್ಕ್‌ವೇಯಲ್ಲಿ ಕಾಂಟ್ಯಾಕ್ಟ್‌ಲೆಸ್ ಮಾತ್ರ. ರೆಡಿಂಗ್ ದಾಟಿ ಡಿಡ್ಕಾಟ್, ಆಕ್ಸ್‌ಫರ್ಡ್ ಕಡೆಗೆ ಹೋಗುವವರು ಪ್ಯಾಡಿಂಗ್ಟನ್‌ನಲ್ಲಿ ಟ್ಯಾಪ್ ಮಾಡಿ ರೈಲು ಹತ್ತಲೇಬಾರದು. ಹತ್ತುವ ಮುಂಚೆಯೇ ಟಿಕೆಟ್ ಕೊಳ್ಳಿ.

ಬ್ಯಾಂಕ್ ಕಾರ್ಡ್ ಇರುವವರೂ ಎಡವುತ್ತಾರೆ. ಪರ್ಸಿನೊಳಗೆ ಆಯ್‌ಸ್ಟರ್, ಬ್ಯಾಂಕ್ ಕಾರ್ಡ್ ಎರಡೂ ಇರುತ್ತವೆ. ಪರ್ಸನ್ನೇ ರೀಡರ್ ಮೇಲೆ ಒತ್ತಿದರೆ ಯಾವುದನ್ನು ಓದಿತೋ ತಿಳಿಯದು. ಹತ್ತುವಾಗ ಆಯ್‌ಸ್ಟರ್ ಓದಿ, ಇಳಿಯುವಾಗ ನೀವು ಬ್ಯಾಂಕ್ ಕಾರ್ಡ್ ಇಟ್ಟರೆ ಎರಡೂ ಅರ್ಧ ಪ್ರಯಾಣ, ಎರಡಕ್ಕೂ ಹೆಚ್ಚಿನ ದರ. ಪ್ಲಾಸ್ಟಿಕ್ ಕಾರ್ಡೂ ಫೋನಿನಲ್ಲಿರುವ ಅದೇ ಕಾರ್ಡೂ ಯಂತ್ರದ ಲೆಕ್ಕದಲ್ಲಿ ಬೇರೆ ಬೇರೆ. ಆದ್ದರಿಂದ ಬೇಕಾದ ಕಾರ್ಡನ್ನು ಹೊರತೆಗೆದು ಇಡಿ, ಇಳಿಯುವಾಗಲೂ ಅದನ್ನೇ ಇಡಿ. ಫೋನ್ ಬಳಸುವುದಾದರೆ ಚಾರ್ಜ್ ನೋಡಿಕೊಳ್ಳಿ.

ಮಕ್ಕಳ ವಿಷಯದಲ್ಲಂತೂ ತುಂಬಾ ಜಾಗ್ರತೆ. ಮಕ್ಕಳಿಗೆ ರಿಯಾಯಿತಿ ಕೊಡುವ ಜಿಪ್ ಕಾರ್ಡ್ ಕೂಡ ಆಯ್‌ಸ್ಟರ್ ಜಾತಿಯದೇ, ಸ್ಲೌನಲ್ಲಿ ಅದಕ್ಕೆ ಬೆಲೆಯಿಲ್ಲ. ಬ್ಯಾಂಕ್ ಕಾರ್ಡ್ ಕೊಟ್ಟರೆ ದೊಡ್ಡವರ ದರವೇ ಬೀಳುತ್ತದೆ. 5ರಿಂದ 15 ವರ್ಷದವರಿಗೆ ಅರ್ಧ ದರದ ಕಾಗದದ ಟಿಕೆಟ್ ತೆಗೆಸಿ.

ಆಯ್‌ಸ್ಟರ್ ಮೇಲೆ ಲಂಡನ್ನಿನ 1ರಿಂದ 6ನೇ ದರ ವಲಯದ ಟ್ರಾವೆಲ್‌ಕಾರ್ಡ್ (ಪಾಸ್) ಇದ್ದವರು ಬ್ಯಾಂಕ್ ಕಾರ್ಡಿನಿಂದ ಹೋದರೆ ಪೂರ್ತಿ ದುಡ್ಡು ಹೋಗುತ್ತದೆ. ಒಂದರ ಪಾಸ್ ಇನ್ನೊಂದಕ್ಕೆ ಕಾಣುವುದಿಲ್ಲ. ಟಿಕೆಟ್ ಕೌಂಟರಿನಲ್ಲಿ "6ನೇ ವಲಯದ ಗಡಿಯಿಂದ" ಎಂದು ಕೇಳಿ ಮುಂದಿನ ಟಿಕೆಟ್ ಮಾತ್ರ ಕೊಳ್ಳಿ.

ಆಯ್‌ಸ್ಟರ್‌ನಲ್ಲೇ ಹತ್ತಿಬಿಟ್ಟದ್ದು ರೈಲಿನಲ್ಲಿ ನೆನಪಾಯಿತೇ? ವೆಸ್ಟ್ ಡ್ರೇಟನ್‌ನಲ್ಲಿ ಇಳಿದು ಆಯ್‌ಸ್ಟರ್ ಟ್ಯಾಪ್ ಮಾಡಿ ಹೊರಬನ್ನಿ, ಬ್ಯಾಂಕ್ ಕಾರ್ಡಿನಿಂದ ಮತ್ತೆ ಒಳಹೋಗಿ, ಮುಂದಿನ ರೈಲು ಹಿಡಿಯಿರಿ. ವೇಗದ ರೈಲು ಹತ್ತಿದ್ದರೆ ಈ ದಾರಿಯೂ ಇಲ್ಲ, ಅದು ವೆಸ್ಟ್ ಡ್ರೇಟನ್‌ನಲ್ಲಿ ನಿಲ್ಲುವುದಿಲ್ಲ.