ಕೊಡಗಲ್ಲಿ ಗೈಡ್ ಜೊತೆ ಜಂಗಲ್ ಟ್ರೆಕ್ ಬುಕ್ ಮಾಡೋ ಮುಂಚೆ ಇದನ್ನ ಓದಿ

ದಸರಾ ರಜೆಗೆ ಕೊಡಗಿಗೆ ಹೋಗಿ ಒಂದು ದಿನದ ಟ್ರೆಕ್ ಮಾಡೋಣ ಅಂತಿರೋರು ದಯವಿಟ್ಟು ಪೂರ್ತಿ ಓದಿ. ವಾಟ್ಸಾಪಲ್ಲಿ ಯಾರೋ "ಎಲ್ಲಾ ಇನ್‌ಕ್ಲೂಡೆಡ್ ಮೇಡಂ, ನೀವು ಬಂದ್ರೆ ಸಾಕು" ಅಂದ ತಕ್ಷಣ ಅಡ್ವಾನ್ಸ್ ಹಾಕ್ಬೇಡಿ. ಆ "ಎಲ್ಲಾ" ಅನ್ನೋದ್ರಲ್ಲಿ ಏನೇನಿದೆ ಅಂತ ಒಂದೊಂದಾಗಿ ಕೇಳಿ, ಉತ್ತರ ಮೆಸೇಜಲ್ಲೇ ಬರ್ಲಿ.

ನಾವು ಮೈಸೂರಿನವರು. ಅಕ್ಕ, ಭಾವ, ಅವರ ಮಗ, ನಾನು, ನಮ್ಮನೆಯವರು ಸೇರಿ ತಡಿಯಂಡಮೋಳ್‌ಗೆ ಹೊರಟಿದ್ದು. ಕೊಡಗಿನ ಅತಿ ಎತ್ತರದ ಬೆಟ್ಟ ಅದು, 1,748 ಮೀಟರ್, ಕಕ್ಕಬ್ಬೆ ಹತ್ರ ನಾಲ್ಕುನಾಡು ಅರಮನೆ ಕಡೆಯಿಂದ ಹತ್ತೋದು. ಭಾವಂಗೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ, ನಿಧಾನಕ್ಕೆ ನಡೆಯೋಕೆ ಡಾಕ್ಟ್ರು ಒಪ್ಪಿದ್ರು. ಇದನ್ನ ಬುಕ್ ಮಾಡುವಾಗ್ಲೇ ಹೇಳಿದ್ವಿ. "ಏನೂ ಆಗಲ್ಲ ಮೇಡಂ, ಅವರನ್ನ ಅರ್ಧ ದಾರಿವರೆಗೆ ಮಾತ್ರ ಕರ್ಕೊಂಡು ಹೋಗ್ತೀವಿ, ಫಸ್ಟ್ ಏಡ್ ಎಲ್ಲಾ ಇರುತ್ತೆ" ಅಂದ್ರು.

ಬೆಳಗ್ಗೆ ಆರಕ್ಕೆ ಬರ್ತೀನಿ ಅಂದಿದ್ದ ಗೈಡ್ ಬಂದಿದ್ದು ಒಂಬತ್ತೂವರೆಗೆ. ಅಕ್ಟೋಬರ್ ತಿಂಗಳಲ್ಲಿ ಆ ಕಡೆ ಬೆಳಗ್ಗೆ ಆಕಾಶ ತಿಳಿಯಾಗಿದ್ರೂ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಮಳೆ ಬರೋದು ಜಾಸ್ತಿ, ಬೆಟ್ಟದ ಮೇಲ್ಭಾಗ ಪೂರ್ತಿ ಹುಲ್ಲುಗಾವಲು, ಸಿಡಿಲು ಹೊಡೆದ್ರೆ ಮರೆ ಅನ್ನೋದೇ ಇಲ್ಲ. ಅದಕ್ಕೇ ಬೇಗ ಹತ್ತಿ ಬೇಗ ಇಳೀಬೇಕು. ಮೂರೂವರೆ ಗಂಟೆ ಲೇಟಾಗಿ ಬಂದ ಮನುಷ್ಯ ಅದರ ಬಗ್ಗೆ ಒಂದು ಮಾತೂ ಆಡ್ಲಿಲ್ಲ.

ಬೆಟ್ಟ ಹತ್ತೋಕೆ ಬೇಕಾದ ಅರಣ್ಯ ಇಲಾಖೆ ಟಿಕೆಟ್ ಎಲ್ಲಿ ಅಂದ್ರೆ "ಗೇಟಲ್ಲಿ ನಮ್ಮ ಹುಡುಗ್ರಿದ್ದಾರೆ" ಅಂದ. ಗೇಟಲ್ಲಿ ಬಿಡ್ಲಿಲ್ಲ, ಬಿಡಲೂಬಾರದು. 2024ರ ಜನವರಿಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಯೆಲ್ಲಾ ಸರ್ಕಾರ ಟ್ರೆಕಿಂಗ್ ನಿಲ್ಲಿಸಿತ್ತು, ಆಮೇಲೆ ಅದೇ ವರ್ಷ ಅಕ್ಟೋಬರಲ್ಲಿ ಅರಣ್ಯ ಇಲಾಖೆಯವರು ಅರಣ್ಯ ವಿಹಾರ ವೆಬ್‌ಸೈಟ್ ಶುರು ಮಾಡಿ ಆನ್‌ಲೈನ್ ಟಿಕೆಟ್ ಇದ್ರೆ ಮಾತ್ರ ಬಿಡೋ ಹಾಗೆ ಮಾಡಿದ್ರು. ನಿಮ್ಮ ಐಡಿ ಕೊಟ್ಟು ನಿಮ್ಮ ಹೆಸರಲ್ಲೇ ಬುಕ್ ಆಗಿರ್ಬೇಕು, ಟಿಕೆಟ್ ಹಿಂದಿನ ದಿನವೇ ನಿಮ್ಮ ಫೋನಲ್ಲಿ ಇರ್ಬೇಕು. ಇಲ್ಲಾಂದ್ರೆ ಮನೆಯಿಂದ ಹೊರಡ್ಲೇಬೇಡಿ.

ವಾಪಸ್ ಹೋಗೋಣ ಅಂದ್ವಿ. "ದುಡ್ಡು ಕೊಟ್ಟಿದ್ದೀರಲ್ಲ, ಇನ್ನೊಂದು ಕಾಡು ತೋರಿಸ್ತೀನಿ, ಅದಕ್ಕೆ ಟಿಕೆಟ್ ಬೇಡ" ಅಂತ ಕಾಫಿ ತೋಟದ ಅಂಚಲ್ಲಿ ಕರ್ಕೊಂಡು ಹೋದ. ಕೊಳೆತ ಎಲೆ, ಹಸಿ ನೆಲ, ಕಾಲಿಟ್ಟಲ್ಲೆಲ್ಲಾ ಜಿಗಣೆ. ಆನೆ ಲದ್ದಿ ಇನ್ನೂ ಹಸಿಯಾಗಿ ಬಿದ್ದಿತ್ತು, ಈ ಮನುಷ್ಯ ಸ್ಪೀಕರಲ್ಲಿ ಹಾಡು ಹಾಕ್ಕೊಂಡು ಮುಂದೆ ಹೋಗ್ತಿದ್ದ. ಕಾಡಲ್ಲಿ ಆನೆ ಹತ್ರ ಇದೆಯಾ ಅಂತ ಗೊತ್ತಾಗೋದೇ ಕಿವಿಯಿಂದ, ಕೊಂಬೆ ಮುರಿಯೋ ಸದ್ದಿಂದ.

ಭಾವನ ಸಾಕ್ಸ್ ಕೆಂಪಾಗಿದ್ದನ್ನ ನೋಡಿದ್ದು ಅಕ್ಕ. ಜಿಗಣೆ ಕಚ್ಚಿದ್ದು ನೋವಾಗಲ್ಲ, ಅದರ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇದೆ, ಆರೋಗ್ಯವಾಗಿರೋರಿಗೇ ಸುಮಾರು ಹೊತ್ತು ರಕ್ತ ಸೋರುತ್ತೆ. ಇನ್ನು ಮಾತ್ರೆ ತಗೊಳ್ಳೋರ ಗತಿ? ಗೈಡ್ ಓಡಿ ಬಂದು ಕಚ್ಚಿಕೊಂಡಿದ್ದ ಜಿಗಣೆ ಮೇಲೇ ಉಪ್ಪು ಸುರಿದ. ಹಾಗೆ ಮಾಡ್ಬಾರ್ದು, ಅದು ಹೊಟ್ಟೆಲಿರೋದನ್ನ ಗಾಯದೊಳಗೇ ಕಕ್ಕಬಹುದು, ಇನ್‌ಫೆಕ್ಷನ್ ಆಗೋ ಭಯ. ಬಾಯಿ ಇರೋ ಕಡೆ ಪಕ್ಕದಿಂದ ಉಗುರು ತೂರಿಸಿ ಮೆಲ್ಲಗೆ ಬಿಡಿಸ್ಬೇಕು, ಸೋಪು ನೀರಲ್ಲಿ ತೊಳೆದು, ಶುದ್ಧ ಬಟ್ಟೆಲಿ ಒತ್ತಿ ಹಿಡೀಬೇಕು. ಅವನ ಫಸ್ಟ್ ಏಡ್ ಅಂದ್ರೆ ಜೇಬಲ್ಲಿದ್ದ ಎರಡು ಬ್ಯಾಂಡೇಡ್, ಅಷ್ಟೇ. ಅಕ್ಕ ವೇಲ್ ಹರಿದು ಕಟ್ಟಿದಳು. ಅಷ್ಟರಲ್ಲಿ ಗುಡುಗು ಶುರು, ಫೋನಲ್ಲಿ ನೆಟ್‌ವರ್ಕ್ ಇಲ್ಲ, ಅಕ್ಕನ ಮಗ ಅಳೋಕೆ ಶುರು ಮಾಡ್ದ, ಭಾವನ್ನ ಹೆಗಲ ಮೇಲೆ ಕೈ ಹಾಕಿಸ್ಕೊಂಡು ರಸ್ತೆಗೆ ಇಳಿಸಿ ನಮ್ಮ ಕಾರಲ್ಲೇ ವಿರಾಜಪೇಟೆಗೆ ಓಡಿಸಿದ್ವಿ. ಡಾಕ್ಟ್ರು ಬಿಗಿಯಾಗಿ ಡ್ರೆಸ್ಸಿಂಗ್ ಮಾಡಿದ್ರು, ರಾತ್ರಿ ಹೊತ್ತಿಗೆ ನಿಂತಿತು. ಭಾವ ಈಗ ಚೆನ್ನಾಗಿದ್ದಾರೆ. ದುಡ್ಡು ವಾಪಸ್ ಕೇಳಿದ್ರೆ ನಂಬರ್ ಬ್ಲಾಕ್ ಮಾಡಿದ್ರು.

ಹೋಗೋರು ಜೀನ್ಸ್ ಹಾಕ್ಬೇಡಿ, ಒದ್ದೆಯಾದ್ರೆ ಭಾರ, ಒಣಗೋದೂ ಇಲ್ಲ. ಮಾಮೂಲಿ ಸಾಕ್ಸ್ ನೇಯ್ಗೆಯೊಳಗೆ ಜಿಗಣೆ ನುಗ್ಗುತ್ತೆ, ಪ್ಯಾಂಟಿನ ಮೇಲೆ ಮೊಣಕಾಲವರೆಗೆ ಕಟ್ಟೋ ಒತ್ತಾಗಿ ನೇಯ್ದ ಬಟ್ಟೆಯ ಲೀಚ್ ಸಾಕ್ಸ್ (ಜಿಗಣೆ ತಡೆಯೋ ಸಾಕ್ಸ್) ಸಿಗುತ್ತೆ, ಅದನ್ನ ತಗೊಳ್ಳಿ. ಛತ್ರಿ ಬೇಡ, ರೈನ್‌ಕೋಟ್ ಇರ್ಲಿ, ಕೈ ಎರಡೂ ಖಾಲಿ ಇರ್ಬೇಕು. ಗಾಜ್, ರೋಲ್ ಬ್ಯಾಂಡೇಜ್, ನಿಮ್ಮ ಮಾತ್ರೆ ಚೀಟಿ ನಿಮ್ಮ ಬ್ಯಾಗಲ್ಲೇ ಇರ್ಲಿ.

ಹಾವಿನ ಭಯಾನೂ ಇದೆ, ಶೂ ಪಾದದ ಗಂಟು ಮುಚ್ಚೋ ಥರದ್ದಿರ್ಲಿ, ನೋಡದೆ ಬಂಡೆ ಮೇಲೆ, ಕೊಂಬೆ ಮೇಲೆ ಕೈ ಇಡ್ಬೇಡಿ. ನಮ್ಮಲ್ಲಿ ಸಿಗೋ ಹಾವಿನ ವಿಷ ಇಳಿಸೋ ಇಂಜೆಕ್ಷನ್ ತಯಾರಾಗೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಘಟ್ಟದ ಕಾಡಲ್ಲಿರೋ ಗುಳಿಮಂಡಲ (ಪಿಟ್ ವೈಪರ್) ಹಾವು ಆ ಲೆಕ್ಕದಲ್ಲಿಲ್ಲ. ಯಾವ ಹಾವು ಕಚ್ಚಿದ್ರೂ ಕೊಯ್ಯೋದು, ಬಿಗಿಯಾಗಿ ಕಟ್ಟೋದು ಮಾಡದೆ, ಕಚ್ಚಿದ ಕೈಯೋ ಕಾಲೋ ಅಲ್ಲಾಡಿಸದೆ ನೇರ ಆಸ್ಪತ್ರೆಗೆ. ಅದಕ್ಕೇ ಗಾಡಿ ಎಲ್ಲಿ ನಿಂತಿರುತ್ತೆ, ಯಾವ ಆಸ್ಪತ್ರೆ, ಎಷ್ಟು ಹೊತ್ತಿನ ದಾರಿ ಅಂತ ಗೈಡ್‌ನ ಹಿಂದಿನ ದಿನವೇ ಕೇಳಿ. ತಡವರಿಸಿದ್ರೆ ಬೇರೆಯವರನ್ನ ಹುಡುಕಿ.